ಪದ ಕೇಳಿಸುವ ಪೆಟ್ಟಿಗೆ

ಹರದೇಶಿ–ನಾಗೇಶಿ ಹಾಡಿಕೆ ನಿಂತಿರುವುದೇ ಸವಾಲು–ಜವಾಬಿನ ಮೇಲೆ. ಗಂಡೇ ಹೆಚ್ಚು ಎಂದು ಹರದೇಶಿಯವರು ಒಂದು ಪದ ಇಟ್ಟರೆ, ಹೆಣ್ಣೇ ಹೆಚ್ಚು ಎಂದು ನಾಗೇಶಿಯವರು ಅದೇ ಪುರಾಣದಿಂದ ಇನ್ನೊಂದು ಎಳೆ ಹಿರಿದು ಉತ್ತರ ಕೊಡುತ್ತಾರೆ. ಕೈಯಲ್ಲಿ ದಪ್ಪು, ತುಂತುಣಿ, ತಾಳ. ಬೆನ್ನಿಗೆ ಗೀಗೀ ಎಂದು ಎಳೆಯುವ ಹಿಮ್ಮೇಳ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಜಾತ್ರೆಗಳಲ್ಲಿ ಈ ಹಾಡಿಕೆಯ ಜೊತೆಗೆ ಡೊಳ್ಳಿನ ಪದ, ಭಜನೆ, ತತ್ವಪದ, ಮೊಹರಮ್ಮಿನ ರಿವಾಯತ ಪದ, ಶ್ರೀಕೃಷ್ಣ ಪಾರಿಜಾತ ಎಲ್ಲವೂ ಇವೆ. ಎಲ್ಲವೂ ಮಾತಿನ ಸಂಗೀತ. ಕೊನೆಯ ಸಾಲಿನಲ್ಲಿ ಕುಳಿತವರಿಗೆ ಸವಾಲಿನ ಒಂದು ಶಬ್ದ ತಪ್ಪಿದರೂ ಜವಾಬಿನ ರುಚಿ ಅರ್ಧ ಹೋಯಿತು.

ಈ ಸೀಮೆ ಮಾತಿಗೆ ಕೊಟ್ಟ ಬೆಲೆ ಸಣ್ಣದಲ್ಲ. ಹಿಂದೆ ಇಂಡಿ ತಾಲ್ಲೂಕಿನಲ್ಲಿದ್ದು ಈಗ ಚಡಚಣಕ್ಕೆ ಸೇರಿರುವ ಹಲಸಂಗಿಯಲ್ಲಿ ಮಧುರಚೆನ್ನರು ಮತ್ತು ಅವರ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಹಾಡು ಕೇಳಿ, ಕೇಳಿದ್ದನ್ನು ಅಕ್ಷರ ಬಿಡದೆ ಬರೆದುಕೊಂಡರು. ಅದು 1931ರಲ್ಲಿ ‘ಗರತಿಯ ಹಾಡು’ ಆಗಿ ಅಚ್ಚಾಯಿತು. ಲಾವಣಿಕಾರ ಖಾಜಾಭಾಯಿಯೂ ಅದೇ ಹಲಸಂಗಿಯವರು. ಆ ಕಾಲದ ಹಾಡುಗಾರರಿಗೆ ಮೈಕಿರಲಿಲ್ಲ. ಕಂಠ ಎಷ್ಟು ದೂರ ಮುಟ್ಟುತ್ತದೋ ಅಷ್ಟೇ ಜನ ಸುತ್ತ ಕೂಡುತ್ತಿದ್ದರು. ಈಗ ಜನ ಹೆಚ್ಚಾಗಿದ್ದಾರೆ, ಹಾದಿಯಲ್ಲಿ ಗಾಡಿಗಳ ಗದ್ದಲವಿದೆ, ಪಕ್ಕದಲ್ಲಿ ಜನರೇಟರ್ ಓಡುತ್ತಿರುತ್ತದೆ. ಮೈಕ್‌ಸೆಟ್ ಇಲ್ಲದೆ ಹಾಡಿಕೆ ನಡೆಯುವುದಿಲ್ಲ.

ಆದರೆ ನಮಗೆ ಸಿಗುವ ಮೈಕ್‌ಸೆಟ್ ಎರಡೇ ಬಗೆಯದು. ಒಂದು, ಮರಕ್ಕೋ ಕಂಬಕ್ಕೋ ಕಟ್ಟುವ ಹಳೆಯ ಹಾರ್ನ್. ಅದರ ಶಬ್ದ ಹೊಲ ದಾಟಿ ಹೋಗುತ್ತದೆ, ಆದರೆ ಸುಮಾರು 300 ಹರ್ಟ್ಸ್‌ಗಿಂತ ಕೆಳಗಿನದು ಅದರಲ್ಲಿ ಹೆಚ್ಚುಕಡಿಮೆ ಹೊರಡುವುದೇ ಇಲ್ಲ. ಡೊಳ್ಳಿನ ಗುಡುಗು ಕಾಣೆಯಾಗಿ ಕೋಲಿನ ಏಟಷ್ಟೇ ಉಳಿಯುತ್ತದೆ. ಇನ್ನೊಂದು, ಟ್ರೇಲರ್ ತುಂಬ ಹೇರಿಕೊಂಡು ಬರುವ ಡಿಜೆ. ಅದರ 18 ಇಂಚಿನ ಬೇಸ್ ಬಾಕ್ಸ್‌ಗಳು ಹುಟ್ಟಿರುವುದು ರೆಕಾರ್ಡ್ ಹಾಕಿ ಕುಣಿಯುವ ಮೆರವಣಿಗೆಗೆ. ಅದರ ಮುಂದೆ ತತ್ವಪದ ಹಾಡಿದರೆ ಎದೆ ನಡುಗುತ್ತದೆ, ಅರ್ಥ ಮಾತ್ರ ಕಿವಿಗೆ ಬರುವುದಿಲ್ಲ. ನಮ್ಮ ಮೇಳಗಳಿಗೆ ಬೇಕಾದ ಪೆಟ್ಟಿಗೆ ಇವೆರಡರ ನಡುವೆ ಇದೆ. ಒಬ್ಬರೇ ಎತ್ತಬಹುದಾದಷ್ಟು ತೂಕ, ಪದ ಸ್ಪಷ್ಟ ಕೇಳಿಸುವಷ್ಟು ನಿಚ್ಚಳ, ಡೊಳ್ಳಿಗೂ ನ್ಯಾಯ ಕೊಡುವಷ್ಟು ಮೈ. ಅದನ್ನು ಊರಿನ ಬಡಿಗೇರರ ಕೈಯಲ್ಲೇ ಕಟ್ಟಿಸಬಹುದು ಎಂಬುದು ನನ್ನ ಗಟ್ಟಿ ನಂಬಿಕೆ. ಹೇಗೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಯಾವ ಶಬ್ದ ಎಲ್ಲಿದೆ ನೋಡೋಣ. ಮಾತಾಡುವಾಗ ಗಂಡುದನಿಯ ಮೂಲಸ್ವರ ಸುಮಾರು 100ರಿಂದ 150 ಹರ್ಟ್ಸ್, ಹೆಣ್ಣುದನಿಯದು 200ರ ಆಸುಪಾಸು; ಹಾಡಿಕೆಯಲ್ಲಿ ಇನ್ನೂ ಮೇಲೇರುತ್ತದೆ. ಅ, ಇ, ಉ ಮುಂತಾದ ಸ್ವರಗಳ ಬಲವೆಲ್ಲ ಬಹುಮಟ್ಟಿಗೆ 300ರಿಂದ 1000 ಹರ್ಟ್ಸ್ ಸುತ್ತ. ಆದರೆ ‘ಪದ’ ಯಾವುದು ‘ಕದ’ ಯಾವುದು, ‘ತಲೆ’ ಯಾವುದು ‘ಕಲೆ’ ಯಾವುದು ಎಂದು ಕಿವಿಗೆ ತಿಳಿಸುವ ವ್ಯಂಜನಗಳ ಗುರುತು 1500ರಿಂದ 5000 ಹರ್ಟ್ಸ್ ನಡುವೆ ಇರುತ್ತದೆ. ಸ ಅಕ್ಷರದ ಸೀಟಿ ಅದಕ್ಕೂ ಮೇಲಿನದು. ಡೊಳ್ಳಿನ ಎದೆ ತಟ್ಟುವ ಭಾಗ 100 ಹರ್ಟ್ಸ್‌ನ ಕೆಳಗೆ. ಅಂದರೆ ಸುಮಾರು 60 ಹರ್ಟ್ಸ್‌ನಿಂದ ಮೇಲೆ ಸಮನಾಗಿ, ಅದರಲ್ಲೂ 1500–5000ದ ನಡುವೆ ಕಲಬೆರಕೆ ಇಲ್ಲದೆ ನುಡಿಯುವ ಪೆಟ್ಟಿಗೆ ಸಿಕ್ಕರೆ ನಮ್ಮ ಸಂಗೀತಕ್ಕೆ ಸಾಕು. 30–40 ಹರ್ಟ್ಸ್ ಬೇಕೆನ್ನುವುದು ಡಿಜೆಯ ಹಟ. ಆ ಹಟ ಹಿಡಿದ ಕೂಡಲೇ ಪೆಟ್ಟಿಗೆ ದುಪ್ಪಟ್ಟಾಗುತ್ತದೆ, ಖರ್ಚು ಅದಕ್ಕೂ ಹೆಚ್ಚು.

ಇದಕ್ಕೆ ಸರಿಯಾದ ಜೋಡಿ ಎಂದರೆ 12 ಇಂಚಿನ ಒಂದು ಸ್ಪೀಕರ್, ಅದರ ಮೇಲೆ, ಎತ್ತರದ ಸ್ವರಗಳಿಗೆ, ಒಂದು ಕಂಪ್ರೆಷನ್ ಡ್ರೈವರ್ ಕೂರಿಸಿದ ಹಾರ್ನ್. 15 ಇಂಚು ಯಾಕೆ ಬೇಡ? ಕೋನ್ ದೊಡ್ಡದಾದಷ್ಟೂ ಎತ್ತರದ ಸ್ವರಗಳು ಅದರ ಎದುರಿಗೆ ನೇರವಾಗಿ ಮಾತ್ರ ಹೋಗಿ ಪಕ್ಕಕ್ಕೆ ಹರಡುವುದನ್ನು ಬಿಡುತ್ತವೆ. 12 ಇಂಚಿನ ಸ್ಪೀಕರ್‌ನಲ್ಲಿ ಅಲುಗುವ ಕೋನ್ ಸುಮಾರು 26 ಸೆಂ.ಮೀ. ಅಡ್ಡಳತೆಯದು, ಅಷ್ಟೇ ಉದ್ದದ ಅಲೆ ಸುಮಾರು 1300 ಹರ್ಟ್ಸ್‌ನದು. ಅಲ್ಲಿಂದ ಮೇಲೆ ಅದರ ಶಬ್ದ ಕಿರಿದಾಗುತ್ತ ಹೋಗುತ್ತದೆ. 15 ಇಂಚಿನದರಲ್ಲಿ ಈ ಕಿರಿದಾಗುವಿಕೆ 1000 ಹರ್ಟ್ಸ್ ಸುಮಾರಿಗೇ ಶುರು. ಅಲ್ಲಿಂದ ಹಾರ್ನ್ ಕೆಲಸ ಹಿಡಿಯುವ 1800–2000ದವರೆಗಿನ ಜಾಗದಲ್ಲಿ ಮುಂದೆ ಕುಳಿತವರಿಗೆ ಒಂದು ದನಿ, ಪಕ್ಕದಲ್ಲಿ ಕುಳಿತವರಿಗೆ ಇನ್ನೊಂದು ದನಿ. ಮಾತಿನ ಪಾಲಿನ ದೊಡ್ಡ ನಷ್ಟ ಅದು.

ಇನ್ನು ಪೆಟ್ಟಿಗೆ ಯಾಕೆ ಬೇಕು? ಈಗಿನ ಕಾಯಿಲ್–ಮ್ಯಾಗ್ನೆಟ್ ಸ್ಪೀಕರ್‌ನ ಮೂಲರೂಪವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ರೈಸ್ ಮತ್ತು ಕೆಲಾಗ್ 1925ರಲ್ಲಿ ಜಗತ್ತಿಗೆ ತೋರಿಸಿದರು. ಕೋನ್ ಮುಂದಕ್ಕೆ ಬಂದಾಗ ಎದುರಿನ ಗಾಳಿ ಒತ್ತುತ್ತದೆ, ಅದೇ ಕ್ಷಣ ಬೆನ್ನಿನ ಗಾಳಿ ಸಡಿಲಾಗುತ್ತದೆ. ಪೆಟ್ಟಿಗೆ ಇಲ್ಲದಿದ್ದರೆ ಮುಂದಿನ ಒತ್ತು ಅಂಚು ಸುತ್ತಿ ಹಿಂದಕ್ಕೆ ಜಾರಿಹೋಗಿ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. 100 ಹರ್ಟ್ಸ್‌ನ ಅಲೆಯ ಉದ್ದ ಸುಮಾರು 3.4 ಮೀಟರ್, ಸ್ಪೀಕರ್‌ನ ಅಗಲ 30 ಸೆಂ.ಮೀ.; ಆ ಅಲೆಗೆ ಈ ಅಂಚು ಲೆಕ್ಕಕ್ಕೇ ಇಲ್ಲ. ಬರಿಯ ಸ್ಪೀಕರ್ ಮೇಜಿನ ಮೇಲಿಟ್ಟು ಹಾಡು ಹಚ್ಚಿದರೆ ತಬಲಾದ ಎಡಗೈ ಮಾಯವಾಗುವುದು ಇದರಿಂದಲೇ.

ಬೆನ್ನಿನ ಶಬ್ದವನ್ನು ಪೂರ್ತಿ ಮುಚ್ಚಿಡಬಹುದು, ಅಥವಾ ಅದನ್ನೇ ದುಡಿಸಿಕೊಳ್ಳಬಹುದು. ಬೆಲ್ ಲ್ಯಾಬ್ಸ್‌ನ ಆಲ್ಬರ್ಟ್ ಥುರಾಸ್ 1932ರಲ್ಲಿ ಪೇಟೆಂಟ್ ಪಡೆದದ್ದು ಈ ಎರಡನೆಯ ಹಾದಿಗೆ. ಪೆಟ್ಟಿಗೆಗೆ ಲೆಕ್ಕ ಹಾಕಿದ ಒಂದು ಪೈಪು ಇಟ್ಟರೆ, ಖಾಲಿ ಬಾಟಲಿಯ ಬಾಯಿಗೆ ಊದಿದಾಗ ಒಂದೇ ಸ್ವರ ಹೊರಡುವಂತೆ, ಆ ಪೆಟ್ಟಿಗೆಗೂ ತನ್ನದೇ ಒಂದು ಸ್ವರ ಬರುತ್ತದೆ. ಆ ಸ್ವರದ ಹತ್ತಿರ ಕೋನ್ ಅಲುಗುವುದು ಕಡಿಮೆಯಾಗಿ ಪೈಪಿನ ಗಾಳಿಯೇ ದುಡಿಯುತ್ತದೆ. ಪೈಪಿನ ಉದ್ದವನ್ನು ಅಂದಾಜಿನ ಮೇಲೆ ಇಡುವ ಕಾಲ ಬಹಳ ವರ್ಷ ನಡೆಯಿತು. 1961ರಲ್ಲಿ ಆಸ್ಟ್ರೇಲಿಯಾದ ಇಂಜಿನಿಯರ್ ನೆವಿಲ್ ಥೀಲ್, 1970ರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್ ಇದಕ್ಕೆ ಗಟ್ಟಿ ಗಣಿತ ಕೊಟ್ಟರು. ಇವತ್ತು ಒಳ್ಳೆಯ ಸ್ಪೀಕರ್‌ನ ಜೊತೆ ಬರುವ ಹಾಳೆಯಲ್ಲಿ ‘ಥೀಲ್–ಸ್ಮಾಲ್’ ಎಂದು ಕೆಲವು ಅಂಕಿಗಳಿರುತ್ತವೆ. ಅದರಲ್ಲಿ ಮೂರು ಮುಖ್ಯ: ಎಫ್‌ಎಸ್, ಅಂದರೆ ಕೋನ್ ತಾನೇ ತಾನಾಗಿ ಕಂಪಿಸುವ ಸ್ವರ, ಕ್ಯೂಟಿಎಸ್, ಅಂದರೆ ಆ ಕಂಪನ ಎಷ್ಟು ಬೇಗ ಹಿಡಿತಕ್ಕೆ ಬರುತ್ತದೆ ಎಂಬ ಅಳತೆ, ವಿಎಎಸ್, ಅಂದರೆ ಕೋನ್‌ನ ಬಿಗಿತಕ್ಕೆ ಸರಿಸಮನಾದ ಗಾಳಿ ಎಷ್ಟು ಲೀಟರ್ ಎಂಬುದು. ಈ ಹಾಳೆ ಕೊಡದ ಸ್ಪೀಕರ್ ಎಷ್ಟೇ ದೊಡ್ಡ ಮ್ಯಾಗ್ನೆಟ್ ಹೊತ್ತಿದ್ದರೂ ಕೊಳ್ಳಬೇಡಿ. ಡಬ್ಬದ ಮೇಲೆ ಬರೆದ ವಾಟ್‌ಗಿಂತ ಈ ಹಾಳೆ ದೊಡ್ಡದು. ನಮ್ಮ ಪೆಟ್ಟಿಗೆಗೆ ಎಫ್‌ಎಸ್ 50 ಹರ್ಟ್ಸ್ ಸುಮಾರು, ಕ್ಯೂಟಿಎಸ್ 0.35ರ ಆಸುಪಾಸು, ವಿಎಎಸ್ 80 ಲೀಟರ್ ಹತ್ತಿರವಿರುವ 12 ಇಂಚಿನ ಸ್ಪೀಕರ್ ಒಗ್ಗುತ್ತದೆ.

ಈಗ ಆಕಾರ. ಎಲ್ಲಕ್ಕೂ ಒದಗುವ ಪೆಟ್ಟಿಗೆ ಎಂದರೆ ಒಂದೇ ಪೆಟ್ಟಿಗೆ ಸ್ಟ್ಯಾಂಡ್ ಮೇಲೆ ಜನರ ಕಡೆ ಮುಖ ಮಾಡಬೇಕು, ನೆಲದ ಮೇಲೆ ಮಲಗಿ ಹಾಡುಗಾರರ ಕಡೆ ಮುಖ ಎತ್ತಬೇಕು, ಬೇಕಾದರೆ ಬೇಸ್ ಬಾಕ್ಸ್ ಮೇಲೆ ಕೂರಬೇಕು, ಗುಡಿಯ ಸಣ್ಣ ಭಜನೆಗೆ ಒಂದೇ ಹೋದರೂ ಸಾಕಾಗಬೇಕು. ಇದನ್ನೆಲ್ಲ ಸಾಧಿಸುವುದು ಹಿಂದಿನ ಒಂದು ಮೂಲೆ ಕತ್ತರಿಸುವುದರಿಂದ. ಒಳ ಅಳತೆ ಹೇಳುತ್ತೇನೆ: ಮುಂದಿನ ಅಗಲ 40 ಸೆಂ.ಮೀ., ಆಳ 36, ಎತ್ತರ 56. ತಳದ ಹಲಗೆಯಲ್ಲಿ ಹಿಂದಿನ ಒಂದು ಮೂಲೆಯಿಂದ ಎರಡೂ ಕಡೆ 24 ಸೆಂ.ಮೀ. ಗುರುತು ಹಾಕಿ ಓರೆಗೆರೆ ಎಳೆದು ಆ ತ್ರಿಕೋನ ತೆಗೆದುಬಿಡಿ. ಐದು ಬದಿಯ ತಳ ಉಳಿಯುತ್ತದೆ. ಓರೆ ಬದಿಯ ಅಗಲ ಸುಮಾರು 34 ಸೆಂ.ಮೀ.; ಪೆಟ್ಟಿಗೆಯನ್ನು ಅದರ ಮೇಲೆ ಮಲಗಿಸಿದರೆ ಮುಖ 45 ಡಿಗ್ರಿ ಮೇಲೆ ನೋಡುತ್ತದೆ. ಭಾರದ ನಡುಬಿಂದು ಆ 34 ಸೆಂ.ಮೀ. ಒಳಗೇ ಬೀಳುವುದರಿಂದ ಪೆಟ್ಟಿಗೆ ಉರುಳುವುದಿಲ್ಲ. ಒಂದಕ್ಕೆ ಎಡಮೂಲೆ, ಇನ್ನೊಂದಕ್ಕೆ ಬಲಮೂಲೆ ಕತ್ತರಿಸಿ. ಆಗ ಜೋಡಿಯಾಗಿ ಇಟ್ಟಾಗ ಎಡ–ಬಲ ಸಮನಾಗುತ್ತವೆ.

ಮುಖದ ಹಲಗೆಯಲ್ಲಿ ಕೆಳಗೆ 12 ಇಂಚಿನ ಸ್ಪೀಕರ್. ಅದರ ಮೇಲೆ, ಓರೆ ಇರುವ ಕಡೆಗೆ 20 ಸೆಂ.ಮೀ. ಚೌಕದ ಹಾರ್ನ್. ನೇರ ಬದಿಯ ಕಡೆ, ಆಳ ಪೂರ್ತಿ ಸಿಗುವಲ್ಲಿ, ಒಂದರ ಮೇಲೊಂದು ಎರಡು ಪೈಪು. ಹಾರ್ನ್‌ನ ಚಾಚು ಚೌಕವೇ ಇರಲಿ ಎನ್ನುವುದಕ್ಕೆ ಕಾರಣವಿದೆ. ಹಾರ್ನ್ ಸಾಮಾನ್ಯವಾಗಿ ಅಡ್ಡಕ್ಕೆ 80–90 ಡಿಗ್ರಿ, ಮೇಲೆ–ಕೆಳಗೆ 50–60 ಡಿಗ್ರಿ ಶಬ್ದ ಹರಡುತ್ತದೆ. ಪೆಟ್ಟಿಗೆಯನ್ನು ಮಲಗಿಸಿದಾಗ ಈ ಅಡ್ಡ–ಉದ್ದ ಅದಲುಬದಲಾಗುತ್ತದೆ. ನಾಲ್ಕು ಬೋಲ್ಟು ಬಿಚ್ಚಿ ಹಾರ್ನನ್ನು ಕಾಲು ಸುತ್ತು ತಿರುಗಿಸಿ ಬಿಗಿದರೆ ಮತ್ತೆ ಸರಿಹೋಯಿತು. ಪೇಟೆಯ ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿ ಅನೇಕವಕ್ಕೆ ಈ ಸೌಲಭ್ಯವಿಲ್ಲ. ನಾವೇ ಕಟ್ಟುವುದರ ಲಾಭ ಇಂಥಲ್ಲಿ ಕಾಣುತ್ತದೆ.

ಈ ಅಳತೆಗೆ ಒಟ್ಟು ಒಳಗಾತ್ರ 64 ಲೀಟರ್ ಚಿಲ್ಲರೆ. ಸ್ಪೀಕರ್, ಹಾರ್ನ್, ಪೈಪು, ಒಳಗಿನ ಆಧಾರಪಟ್ಟಿ ಇವುಗಳ ಜಾಗ ಕಳೆದರೆ 52 ಲೀಟರ್ ಗಾಳಿ ಉಳಿಯುತ್ತದೆ. ಪೈಪಿಗೆ ಕೃಷಿ ಅಂಗಡಿಯಲ್ಲಿ ಸಿಗುವ 4 ಇಂಚಿನ ಪಿವಿಸಿಯೇ ಸಾಕು. ಒಳ ಅಡ್ಡಳತೆ ಸುಮಾರು 10 ಸೆಂ.ಮೀ. ಅಂಥ ಎರಡು ಪೈಪು 24 ಸೆಂ.ಮೀ. ಉದ್ದ ಇಟ್ಟರೆ ಪೆಟ್ಟಿಗೆಯ ಸ್ವರ ಸುಮಾರು 54 ಹರ್ಟ್ಸ್‌ಗೆ ಬರುತ್ತದೆ. 18 ಸೆಂ.ಮೀ.ಗೆ ಕತ್ತರಿಸಿದರೆ 60ಕ್ಕೆ ಏರುತ್ತದೆ. ಪೈಪು ಉದ್ದವಾದಷ್ಟೂ, ಪೆಟ್ಟಿಗೆ ದೊಡ್ಡದಾದಷ್ಟೂ ಸ್ವರ ಇಳಿಯುತ್ತದೆ. ಬಾಯಿ ಅಗಲವಾದಷ್ಟೂ ಏರುತ್ತದೆ. ಹಾಗಾಗಿ ಮೊದಲು ಉದ್ದವಾಗಿಯೇ ಇಟ್ಟು ಆಮೇಲೆ ಕತ್ತರಿಸುತ್ತ ಬರುವುದು ಜಾಣತನ. ಕತ್ತರಿಸಿದ್ದನ್ನು ಮತ್ತೆ ಬೆಳೆಸಲಾಗದು.

ಸ್ವರ ಸರಿ ಬಂತೋ ಇಲ್ಲವೋ ನೋಡಲು ಯಾವ ಪ್ರಯೋಗಶಾಲೆಯೂ ಬೇಡ. ಮೊಬೈಲಿನ ಟೋನ್ ಜನರೇಟರ್ ಆ್ಯಪ್ ಒಂದನ್ನು ಆಂಪ್ಲಿಫೈಯರ್‌ಗೆ ಜೋಡಿಸಿ, ಕಡಿಮೆ ದನಿಯಲ್ಲಿ, 80 ಹರ್ಟ್ಸ್‌ನಿಂದ ಮೆಲ್ಲಗೆ ಕೆಳಗಿಳಿಸುತ್ತ ಕೋನ್‌ಗೆ ಬೆರಳ ತುದಿ ತಾಗಿಸಿರಿ. ಒಂದು ಜಾಗದಲ್ಲಿ ಕೋನ್ ಅಲುಗುವುದು ಹೆಚ್ಚುಕಡಿಮೆ ನಿಲ್ಲುತ್ತದೆ, ಪೈಪಿನ ಬಾಯಲ್ಲಿ ಗಾಳಿ ಜೋರಾಗುತ್ತದೆ. ಅದೇ ಪೆಟ್ಟಿಗೆಯ ಸ್ವರ. ಅದಕ್ಕಿಂತ ಕೆಳಗೆ ಹೋದರೆ ಕೋನ್ ಹಿಡಿತ ತಪ್ಪಿ ಹುಚ್ಚು ಹುಚ್ಚಾಗಿ ಅಲುಗುವುದೂ ಕಾಣುತ್ತದೆ. ಅದರಿಂದಲೇ ಮಿಕ್ಸರ್‌ನಲ್ಲೋ ಆಂಪ್ಲಿಫೈಯರ್‌ನಲ್ಲೋ 50 ಹರ್ಟ್ಸ್‌ಗಿಂತ ಕೆಳಗಿನದನ್ನು ತಡೆಯುವ ಫಿಲ್ಟರ್ ಹಾಕಲೇಬೇಕು. ಹಾಡುಗಾರರ ಮೈಕಿಗಂತೂ ಮಿಕ್ಸರ್‌ನ ಲೋ–ಕಟ್ ಗುಂಡಿ ಸದಾ ಒತ್ತಿರಲಿ. ಗಾಳಿಯ ಬುರಬುರ, ವೇದಿಕೆಯ ಹಲಗೆ ತುಳಿದ ದಡದಡ ಅಲ್ಲಿಗೇ ನಿಲ್ಲುತ್ತವೆ.

ಕಟ್ಟಿಗೆಯ ವಿಷಯದಲ್ಲಿ ಮಾತ್ರ ಜಿಪುಣತನ ಸಲ್ಲದು. ಯುರೋಪಿನವರು ಬರ್ಚ್ ಪ್ಲೈವುಡ್ ಬಳಸುತ್ತಾರೆ. ನಮಗೆ ಸುಲಭವಾಗಿ ಸಿಗುವುದರಲ್ಲಿ ಐಎಸ್ 710 ಗುರುತಿನ ಮರೀನ್ ಪ್ಲೈವುಡ್ ಒಳ್ಳೆಯದು. ಬಸವನ ಬಾಗೇವಾಡಿಯ ಬಸವೇಶ್ವರ ಜಾತ್ರೆ ಬರುವುದು ಶ್ರಾವಣದಲ್ಲಿ, ಮಳೆಯ ನಡುವೆ. ಬೇಸಿಗೆಯ ಜಾತ್ರೆಗಳಿಗೆ 40 ಡಿಗ್ರಿ ದಾಟುವ ಬಿಸಿಲು, ಎರೆಮಣ್ಣಿನ ಧೂಳು. ಒಂದೇ ಪೆಟ್ಟಿಗೆ ಎರಡನ್ನೂ ತಾಳಬೇಕು. ಪಾರ್ಟಿಕಲ್ ಬೋರ್ಡ್ ಒಂದು ಮಳೆಗೇ ಊದಿಕೊಳ್ಳುತ್ತದೆ. ಎಂಡಿಎಫ್ ಮನೆಯ ಸ್ಪೀಕರ್‌ಗೆ ಸರಿ, ಆದರೆ ಭಾರ ಹೆಚ್ಚು, ಮೂಲೆಗೆ ಏಟು ಬಿದ್ದರೆ ಸಿಡಿಯುತ್ತದೆ. ಮುಖಕ್ಕೆ 18 ಮಿ.ಮೀ., ಉಳಿದದ್ದಕ್ಕೆ 15 ಮಿ.ಮೀ. ಹಾಕಿ. 8×4 ಅಡಿಯ ಹಾಳೆಗಳಲ್ಲಿ ಹೊಂದಿಸಿ ಕತ್ತರಿಸಿದರೆ ಸುಮಾರು ಒಂದು ಹಾಳೆಯಷ್ಟು ಕಟ್ಟಿಗೆ ಎರಡು ಪೆಟ್ಟಿಗೆಗೆ ಆಗುತ್ತದೆ. ಸ್ಪೀಕರ್ ಸೇರಿ ಒಂದು ಪೆಟ್ಟಿಗೆ 20 ಕಿಲೋದ ಆಸುಪಾಸು ನಿಲ್ಲುತ್ತದೆ.

ಓರೆ ಬದಿ ಕೂಡುವ ಎರಡು ಅಂಚುಗಳನ್ನು 22.5 ಡಿಗ್ರಿಗೆ ಕೊರೆಯಬೇಕು. ತೇರಿಗೆ ಗಾಲಿ ಕೂರಿಸಿದ, ಕೂರಿಗೆಯ ದಿಂಡಿಗೆ ಓರೆ ತೂತು ಹೊಡೆದ ಕೈಗಳಿಗೆ ಇದು ಹೊಸದಲ್ಲ. ಬಡಿಗೇರರಿಗೆ ಬೇರೆಯಾಗಿ ಹೇಳಬೇಕಾದದ್ದು ಒಂದೇ: ಬಾಗಿಲು–ಕಪಾಟಿನಲ್ಲಿ ಕೂದಲೆಳೆಯ ಸಂದು ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ಗಾಳಿ ಸೋರಿದರೆ ಲೆಕ್ಕ ಹಾಕಿದ ಸ್ವರ ಕೆಡುತ್ತದೆ, ಸಂದಿಯಲ್ಲಿ ಪೀಂ ಎಂಬ ಸಿಳ್ಳು ಹುಟ್ಟುತ್ತದೆ. ಪ್ರತಿ ಕೂಡಿಕೆಗೆ ಅಂಟು ತುಂಬ ಹಚ್ಚಿ, ಸುಮಾರು 10 ಸೆಂ.ಮೀ.ಗೊಂದು ಸ್ಕ್ರೂ ಬಿಗಿದು, ಒಳಗಿನಿಂದ ಮೂಲೆಗಳಿಗೆಲ್ಲ ಅಂಟಿನಲ್ಲಿ ಕಲಸಿದ ಕಟ್ಟಿಗೆಯ ಹೊಟ್ಟು ಒತ್ತಿಸಿ. ಮುಖ ಮತ್ತು ಬೆನ್ನಿನ ನಡುವೆ ಒಂದು ಪಟ್ಟಿ, ಎರಡು ಬದಿಗಳ ನಡುವೆ ಇನ್ನೊಂದು ಪಟ್ಟಿ ಬಿಗಿಯಲೇಬೇಕು. ಹಲಗೆ ಸ್ಪೀಕರ್‌ನ ಜೊತೆ ತಾನೂ ಹಾಡತೊಡಗಿದರೆ 200–400 ಹರ್ಟ್ಸ್ ಸುತ್ತ ಗಂಡುದನಿಗೆ ಒಂದು ಬುರುಡೆದನಿ ಅಂಟಿಕೊಳ್ಳುತ್ತದೆ. ಎಷ್ಟು ಬಟನ್ ತಿರುಗಿಸಿದರೂ ಅದು ಬಿಡುವುದಿಲ್ಲ. ಪೆಟ್ಟಿಗೆ ಮುಗಿದ ಮೇಲೆ 60 ಹರ್ಟ್ಸ್ ಟೋನ್ ಹಚ್ಚಿ, ಕೂಡಿಕೆಗಳ ಉದ್ದಕ್ಕೂ ಹೊಗೆಯಾಡುವ ಊದಿನಕಡ್ಡಿ ಹಿಡಿದು ಹೋಗಿ. ಹೊಗೆ ಬಿಟ್ಟುಬಿಟ್ಟು ನಡುಗಿದ ಕಡೆ ಸೋರಿಕೆ ಇದೆ.

ಒಳಗೆ ಬೆನ್ನು, ಮೇಲ್ಭಾಗ, ಒಂದು ಬದಿಗೆ ಒಂದು ಇಂಚು ದಪ್ಪದ ಫೋಮು ಅಥವಾ ಫೆಲ್ಟ್ ಅಂಟಿಸಿ. ಪೈಪಿನ ಬಾಯಿ ಮುಚ್ಚದಂತೆ ನೋಡಿಕೊಳ್ಳಿ. ಸ್ಪೀಕರ್ ಕೂರಿಸಲು ಕಟ್ಟಿಗೆ ಸ್ಕ್ರೂ ಬೇಡ, ಹಲಗೆಯ ಹಿಂದೆ ಟಿ–ನಟ್ ಬಡಿದು ಬೋಲ್ಟು ಹಾಕಿ. ನಾಲ್ಕು ಸಲ ಬಿಚ್ಚಿ ಹಾಕುವಷ್ಟರಲ್ಲಿ ಸ್ಕ್ರೂವಿನ ತೂತು ಸವೆಯುತ್ತದೆ. ಸ್ಟ್ಯಾಂಡಿನ ಕೊಳವೆ 35 ಮಿ.ಮೀ.; ಅದಕ್ಕೆ ತಕ್ಕ ಲೋಹದ ಕಪ್ಪನ್ನು ತಳದಲ್ಲಿ ಕೂರಿಸುವಾಗ ಒಳಗಿನಿಂದ ಇನ್ನೊಂದು ತುಂಡು ಪ್ಲೈವುಡ್ ಅಂಟಿಸಿ ಬಲ ಕೊಡಿ. 20 ಕಿಲೋ ಭಾರ ಜನರ ತಲೆಯ ಮೇಲೆ ನಿಲ್ಲುವ ಜಾಗ ಅದು. ಮುಂದೆ ತೂತಿನ ತಗಡು, ಅದರ ಹಿಂದೆ ತೆಳ್ಳನೆಯ ಫೋಮು. ಧೂಳು ಅಲ್ಲಿಗೇ ನಿಲ್ಲುತ್ತದೆ, ವರ್ಷಕ್ಕೊಮ್ಮೆ ತೊಳೆಯಬಹುದು.

ಸ್ಪೀಕರ್‌ಗೂ ಹಾರ್ನ್‌ಗೂ ಕೆಲಸ ಹಂಚುವ ಕ್ರಾಸ್‌ಓವರ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. 1800–2000 ಹರ್ಟ್ಸ್‌ನಲ್ಲಿ ಹಂಚಿಕೆ ಇರಲಿ. ಹಾರ್ನ್‌ನ ಡ್ರೈವರ್ ಸಾಮಾನ್ಯವಾಗಿ ಸ್ಪೀಕರ್‌ಗಿಂತ 8–10 ಡೆಸಿಬೆಲ್ ಜೋರು, ಆದ್ದರಿಂದ ಅದನ್ನು ತಗ್ಗಿಸುವ ರೆಸಿಸ್ಟರ್‌ಗಳು ಬೇಕು. ಅದಿಲ್ಲದ ಅಗ್ಗದ ಕ್ರಾಸ್‌ಓವರ್ ಹಾಕಿದರೆ ಪದಗಳು ಸ್ಪಷ್ಟವಾಗುವ ಬದಲು ಕಿವಿ ಚುಚ್ಚುತ್ತವೆ. ಡ್ರೈವರ್ ತಯಾರಿಸಿದವರು ‘ಇದಕ್ಕಿಂತ ಕೆಳಗೆ ಬಳಸಬೇಡಿ’ ಎಂದು ಕೊಟ್ಟ ಹರ್ಟ್ಸ್ ಅಂಕಿಯನ್ನು ಮೀರಬೇಡಿ.

ವಾಟ್‌ಗಳ ಮೋಹದ ಬಗ್ಗೆ ಎರಡು ಲೆಕ್ಕ ಹೇಳಲೇಬೇಕು. ಒಂದು ವಾಟ್‌ಗೆ ಒಂದು ಮೀಟರ್ ದೂರದಲ್ಲಿ 97 ಡೆಸಿಬೆಲ್ ಕೊಡುವ ಸ್ಪೀಕರ್ ತನಗೆ ಕೊಟ್ಟ ವಿದ್ಯುತ್ತಿನಲ್ಲಿ ಶಬ್ದವಾಗಿ ಹೊರಹಾಕುವುದು ನೂರಕ್ಕೆ ಮೂರು ಪಾಲು ಮಾತ್ರ. ಉಳಿದ 97 ಪಾಲು ಕಾಯಿಲ್‌ನಲ್ಲಿ ಬಿಸಿಯಾಗುತ್ತದೆ. ಕಾಯಿಲ್ ಕಾದಂತೆ ಅದರ ರೋಧ ಏರಿ ಶಬ್ದ ತಗ್ಗುತ್ತದೆ, ಮೈಕಿನವರು ವಾಲ್ಯೂಮ್ ಏರಿಸುತ್ತಾರೆ, ಅದು ಇನ್ನೂ ಕಾಯುತ್ತದೆ. ಜಾತ್ರೆಯ ನಡುರಾತ್ರಿ ಸ್ಪೀಕರ್ ಸುಡುವುದರ ಹಿಂದೆ ಹೆಚ್ಚಾಗಿ ಇದೇ ಕಥೆ. ಎರಡನೆಯ ಲೆಕ್ಕ: ವಾಟ್ ದುಪ್ಪಟ್ಟು ಮಾಡಿದರೆ ಸಿಗುವುದು ಬರೀ 3 ಡೆಸಿಬೆಲ್. ಅದೇ, ಬಯಲಿನಲ್ಲಿ ಕೇಳುಗರ ದೂರ ಅರ್ಧವಾದರೆ 6 ಡೆಸಿಬೆಲ್ ಸಿಗುತ್ತದೆ. ಮೇಲೆ ಹೇಳಿದ ಪೆಟ್ಟಿಗೆಗೆ 200 ವಾಟ್ ಕೊಟ್ಟರೆ ಒಂದು ಮೀಟರ್‌ನಲ್ಲಿ 120 ಡೆಸಿಬೆಲ್, 32 ಮೀಟರ್ ಆಚೆ 90 ಡೆಸಿಬೆಲ್. ಹಾಡಿನ ಏರಿಳಿತಕ್ಕೆ 10 ಡೆಸಿಬೆಲ್ ಬಿಟ್ಟರೂ ಅಷ್ಟು ದೂರದಲ್ಲಿ 80 ಉಳಿಯುತ್ತದೆ. ಎದುರಾಬದುರು ಕುಳಿತು ಮಾತಾಡುವ ದನಿ 60–65ರ ಸುಮಾರು. ಗುಡಿಯ ಮುಂದಿನ ಬಯಲಿಗೆ ಇಂಥ ಎರಡು ಪೆಟ್ಟಿಗೆ ಧಾರಾಳ. ಜನ ಇನ್ನೂ ಹಿಂದಕ್ಕೆ ಹರಡಿದ್ದರೆ ವೇದಿಕೆಯಲ್ಲಿ ಶಕ್ತಿ ಏರಿಸುವುದಕ್ಕಿಂತ ಇನ್ನೊಂದು ಜೋಡಿಯನ್ನು ನಡುವೆ ತಂದು ನಿಲ್ಲಿಸುವುದು ಸರಿ.

ಬಹಳ ಕಡೆ ಶಕ್ತಿ ಸೋರುವುದು ವೈರಿನಲ್ಲಿ. 8 ಓಮ್‌ನ ಎರಡು ಪೆಟ್ಟಿಗೆ ಒಂದೇ ಲೈನಿಗೆ ಕೂಡಿಸಿದರೆ 4 ಓಮ್ ಆಗುತ್ತದೆ. 25 ಮೀಟರ್ ದೂರಕ್ಕೆ 1 ಚದರ ಮಿ.ಮೀ.ನ ಸಾದಾ ವೈರು ಎಳೆದರೆ ಸ್ಪೀಕರ್‌ಗೆ ಮುಟ್ಟಬೇಕಾದ ಶಕ್ತಿಯಲ್ಲಿ ಹತ್ತಿರಹತ್ತಿರ ಮೂರನೇ ಒಂದು ಪಾಲು ಹೋಯಿತು. 2.5 ಚದರ ಮಿ.ಮೀ. ತಾಮ್ರದ ವೈರು ಹಾಕಿದರೆ ನಷ್ಟ ಶೇಕಡ 15ಕ್ಕೆ ಇಳಿಯುತ್ತದೆ. ತುದಿಗೆ ತಿರುಗಿಸಿ ಬೀಗ ಹಾಕುವ ಸ್ಪೀಕಾನ್ ಕನೆಕ್ಟರ್ ಇರಲಿ, ಬರಿಯ ಎಳೆ ಹೆಣೆದು ಟೇಪು ಸುತ್ತುವುದು ಬೇಡ. ಜನರೇಟರ್ ಇರುವಲ್ಲಿ ಅರ್ಥಿಂಗ್ ನೋಡಿಕೊಳ್ಳದೆ ಮೈಕು ಕೈಗೆ ಕೊಡಲೇಬಾರದು.

ಇಡುವ ರೀತಿಯೂ ಕಟ್ಟುವಷ್ಟೇ ದೊಡ್ಡ ವಿದ್ಯೆ. ಮುಖ್ಯ ಪೆಟ್ಟಿಗೆಗಳು ಮೈಕಿಗಿಂತ ಮುಂದೆ ಇರಬೇಕು, ಹಾರ್ನ್ ಕುಳಿತವರ ತಲೆಗಿಂತ ಎತ್ತರಕ್ಕಿದ್ದು ಸ್ವಲ್ಪ ಕೆಳಗೆ ನೋಡಬೇಕು. ಡೊಳ್ಳಿನ ಪದದಲ್ಲಿ ಎರಡು ಮೇಳಗಳು ಎದುರುಬದುರಾದಾಗ ಒಬ್ಬರ ಸವಾಲು ಇನ್ನೊಬ್ಬರಿಗೆ ಕೇಳಿಸುವುದೇ ಕಷ್ಟ. ಅಲ್ಲಿ ಓರೆಯ ಮೇಲೆ ಮಲಗಿಸಿದ ಪೆಟ್ಟಿಗೆ ಒಂದೊಂದು ಮೇಳದ ಮುಂದಿಡಿ. ಅದಕ್ಕೆ ಹಾಡಿನ ಮೈಕನ್ನಷ್ಟೇ ಕೊಡಿ, ಡೊಳ್ಳು ಬೇಡ, ಡೊಳ್ಳು ಅವರ ಪಕ್ಕದಲ್ಲೇ ಇದೆ. ಮೈಕಿನ ಬೆನ್ನು ಮಲಗಿಸಿದ ಆ ಪೆಟ್ಟಿಗೆಯ ಕಡೆ ಇರಲಿ. ನೆಲಕ್ಕೆ ತಾಗಿ ಮಲಗಿದ ಪೆಟ್ಟಿಗೆಯಲ್ಲಿ ಕೆಳದನಿ ತಾನೇ ಹೆಚ್ಚಾಗುವುದರಿಂದ ಬೇಸ್ ಕಡಿಮೆ ಮಾಡಿ. ಮೈಕು ಕೀಂ ಎಂದು ಕೂಗತೊಡಗಿದರೆ ಮೊದಲು ಪೆಟ್ಟಿಗೆಯ ದಿಕ್ಕು ಬದಲಿಸಿ, ಆಮೇಲೆ ಮಿಕ್ಸರ್ ಮುಟ್ಟಿ.

ತಗಡಿನ ಛಾವಣಿಯ ಮಂಗಲ ಕಾರ್ಯಾಲಯಗಳಲ್ಲಿ ಇನ್ನೊಂದು ತೊಡಕು. ಶಾಲೆಯ ಪ್ರವಾಸದಲ್ಲಿ ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಕೂಗಿದ ಮಕ್ಕಳಿಗೆಲ್ಲ ಪ್ರತಿಧ್ವನಿ ಏನೆಂದು ಗೊತ್ತು. 44 ಮೀಟರ್ ಅಗಲದ ಆ ಗುಮ್ಮಟದಲ್ಲಿ ಅದು ಬೆರಗು. ಕಾರ್ಯಾಲಯದಲ್ಲಿ ಅದು ಪದದ ಮೇಲೆ ಪದ ಬಿದ್ದು ಆಗುವ ಕಲಸುಮೇಲೋಗರ. ಅಲ್ಲಿ ಹಾರ್ನ್‌ನ ಹರವು ಜನರ ಮೇಲಷ್ಟೇ ಬೀಳಬೇಕು, ಛಾವಣಿಗೆ, ಹಿಂದಿನ ಗೋಡೆಗೆ ಬೀಳಬಾರದು. ವಾಲ್ಯೂಮ್ ತಗ್ಗಿಸಿದಷ್ಟೂ ಅಲ್ಲಿ ಮಾತು ತಿಳಿಯಾಗುತ್ತದೆ.

ಕಾನೂನಿನ ಮಾತನ್ನೂ ಬಿಡುವಂತಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಧಾರ್ಮಿಕ, ಸಾಂಸ್ಕೃತಿಕ ಹಬ್ಬಗಳಿಗೆ ರಾಜ್ಯ ಸರ್ಕಾರ ವರ್ಷದಲ್ಲಿ 15 ದಿನ ಮೀರದಂತೆ ನಡುರಾತ್ರಿ 12ರವರೆಗೆ ಅನುಮತಿ ಕೊಡಬಹುದು. ಧ್ವನಿವರ್ಧಕ ಇಟ್ಟ ಸಾರ್ವಜನಿಕ ಜಾಗದ ಗಡಿಯಲ್ಲಿ ಶಬ್ದ ಆ ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಅಥವಾ ಒಟ್ಟು 75 ಡೆಸಿಬೆಲ್, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ಬೆಳತನಕ ನಡೆಯುತ್ತಿದ್ದ ಹಾಡಿಕೆಗೆ ಇದು ಬಿಗಿ ಎನಿಸಬಹುದು. ಆದರೆ ಪೆಟ್ಟಿಗೆಗಳನ್ನು ಜನರ ಹತ್ತಿರ ತಂದು ಕಡಿಮೆ ದನಿಯಲ್ಲಿ ನುಡಿಸಿದರೆ ಕೇಳುಗರಿಗೂ ತೃಪ್ತಿ, ಆಚೆ ಓಣಿಯಲ್ಲಿ ಮಲಗಿದ ಬಾಣಂತಿ, ಮುದುಕರಿಗೂ ನೆಮ್ಮದಿ. ಹಳೆಯ ಹಾರ್ನಾಗಲಿ ಬೇಸ್ ಬಾಕ್ಸಾಗಲಿ ಈ ಕೆಲಸಕ್ಕೆ ಒಗ್ಗುವುದಿಲ್ಲ. ಒಂದು ಊರಾಚೆಗೆ ಕೂಗುತ್ತದೆ. ಇನ್ನೊಂದರ ಕೆಳದನಿ ಎಲ್ಲ ದಿಕ್ಕಿಗೂ ಹರಡಿ ಗೋಡೆ ದಾಟುತ್ತದೆ.

ಕಟ್ಟುವುದಾದರೆ ಮೊದಲು ಎರಡೇ ಕಟ್ಟಿ. ಹಾಡಿಕೆ ಇಲ್ಲದ ದಿನ ಗುಡಿಯ ಮುಂದೆ ನಿಲ್ಲಿಸಿ, ಮೇಳದ ಒಬ್ಬರು ಮೈಕಿನಲ್ಲಿ 50 ಬಿಡಿ ಶಬ್ದ ಓದಲಿ. ಪದ, ಕದ, ಮದ, ತಲೆ, ಕಲೆ, ಬಲೆ, ಹೀಗೆ ಒಂದಕ್ಕೊಂದು ಹತ್ತಿರದವು, ಆದರೆ ಹಿಂದುಮುಂದಾಗಿ. ಶಾಲೆ ಕಲಿಯುವ ನಾಲ್ಕು ಮಕ್ಕಳು ಕೊನೆಯ ಸಾಲಿನಲ್ಲಿ, ಎರಡೂ ಪಕ್ಕದಲ್ಲಿ ಕುಳಿತು ಕೇಳಿದ್ದನ್ನು ಬರೆದುಕೊಳ್ಳಲಿ. ತಪ್ಪುಗಳು ಒಂದೇ ಪಕ್ಕದಲ್ಲಿ ಹೆಚ್ಚಿದ್ದರೆ ಹಾರ್ನ್‌ನ ದಿಕ್ಕು ಸರಿಯಿಲ್ಲ. ಎಲ್ಲ ಕಡೆಯೂ ಸ, ಶ, ತ, ಟ ತಪ್ಪಿದ್ದರೆ ಹಾರ್ನ್ ತಗ್ಗಿದೆ, ರೆಸಿಸ್ಟರ್ ಬದಲಿಸಬೇಕು. ಶಬ್ದಗಳೆಲ್ಲ ಕಂಬಳಿ ಹೊದ್ದಂತೆ ಮಂಕಾಗಿದ್ದವು ಎಂದು ಮಕ್ಕಳು ಹೇಳಿದರೆ 200–300 ಹರ್ಟ್ಸ್ ಸುತ್ತ ಸ್ವಲ್ಪ ಇಳಿಸಿ. ಪಟ್ಟಿ ಬದಲಿಸಿ ಇನ್ನೊಮ್ಮೆ ಬರೆಸಿ. 50ರಲ್ಲಿ 45 ಸರಿ ಬಂದ ದಿನ ಡೊಳ್ಳಿನವರನ್ನು ಕರೆದು, ಅದೇ ಪರೀಕ್ಷೆಯನ್ನು ಡೊಳ್ಳು ಬಾರಿಸುತ್ತಿರುವಾಗ ಮತ್ತೆ ಮಾಡಿ.